ಕಿವಿ ಮುಟ್ಟಿ ನೋಡುತ್ತಿದ್ದ ಡಾಕ್ಟರು

ಡಾಕ್ಟರ್ ಗುರುಮಲ್ಲಪ್ಪನವರು ಯಾರನ್ನೇ ಆಗಲಿ ಮೊದಲು ನೋಡುತ್ತಿದ್ದುದು ಕಿವಿಯನ್ನು. ಮುಖ ಆಮೇಲೆ. ಎದುರಿಗೆ ಬಂದವನ ಕಿವಿಯ ಬುಡಕ್ಕೆ ಬಲಗೈಯ ಹಿಂಬದಿಯನ್ನು ಒತ್ತಿ, ತಾವು ಬೇರೆಲ್ಲೋ ನೋಡುತ್ತ, ಮಾತಿಲ್ಲದೆ ನಿಂತುಬಿಡುತ್ತಿದ್ದರು. ಅವರು ಹನೂರಿನ ದನದ ಆಸ್ಪತ್ರೆಯ ಡಾಕ್ಟರು. ದನಕ್ಕೆ ಜ್ವರ ಇದೆಯೇ, ಹೊಟ್ಟೆಯೊಳಗೆ ಏನಾದರೂ ಕೆಟ್ಟಿದೆಯೇ ಎನ್ನುವುದು ಕಿವಿಯ ಬುಡದಲ್ಲಿ ತಿಳಿಯುತ್ತದಂತೆ. ಅದೇ ಅಭ್ಯಾಸ ಮನುಷ್ಯರ ವಿಷಯಕ್ಕೂ ಹತ್ತಿತ್ತು. ಹಸು ಹಿಡಿದುಕೊಂಡು ಬಂದ ರೈತ, ಟಪಾಲು ತಂದ ಪೋಸ್ಟ್‌ಮ್ಯಾನ್, ಒಮ್ಮೆ ತನಿಖೆಗೆಂದು ಬಂದ ಅವರ ಮೇಲಧಿಕಾರಿ, ಯಾರಿಗೂ ವಿನಾಯಿತಿ ಇರಲಿಲ್ಲ. ಬಿರುಬೇಸಿಗೆಯಲ್ಲೂ ಆ ಕೈ ಬಾವಿಯ ನೀರಿನಷ್ಟು ತಣ್ಣಗಿರುತ್ತಿತ್ತು. ಅಂಥ ಕೈಗೆ ಇನ್ನೊಬ್ಬರ ಕಿವಿ ತಣ್ಣಗೆ ತಾಗಬೇಕಾದರೆ ಅದು ಇನ್ನೆಷ್ಟು ತಣ್ಣಗಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಉದ್ದನೆಯ, ಒಣಕಲು ದೇಹ. ಕತ್ತಿನವರೆಗೆ ಗುಂಡಿ ಹಾಕಿದ ಖಾಕಿ ಕೋಟು. ಕೊಳ್ಳೇಗಾಲದ ಸೀಮೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವರು. ಹಾಗಾಗಿ ಜನರ ಹತ್ತಿರ ಕನ್ನಡ, ದನಗಳ ಹತ್ತಿರ ತಮಿಳು. ಪಾಲಾರ್ ಕಡೆಯಿಂದ ಹೊಡೆದುಕೊಂಡು ಬಂದ ಎತ್ತುಗಳಿಗೆ ತಮಿಳೇ ತಿಳಿಯುವುದು ಎನ್ನುತ್ತಿದ್ದರು. ಎಂಥ ಹಾಯುವ ಎತ್ತಾದರೂ ಸರಿ, "ಚುಮ್ಮಾ ಇರು" ಎಂದರೆ ಸಾಕು, ಕಾಲು ನೆಲಕ್ಕೆ ಅಂಟಿದ ಹಾಗೆ ನಿಲ್ಲುತ್ತಿತ್ತು. ಸುಮ್ಮನಿರು ಎಂದು ಅದರ ಅರ್ಥ. ಆಸ್ಪತ್ರೆಯ ಪಕ್ಕದಲ್ಲೇ ನಮ್ಮ ಮಿಡ್ಲ್ ಸ್ಕೂಲು. ಪಾಠ ಮಾಡುವಾಗ ಕಿಟಕಿಯಿಂದ ದನಗಳ ಕೊರಳ ಗಂಟೆಯ ಸದ್ದು ಬರುತ್ತಲೇ ಇರುತ್ತಿತ್ತು. ಅದು ಒಮ್ಮೆಗೇ ನಿಂತಿತೆಂದರೆ ಡಾಕ್ಟರು ಹೊರಗೆ ಬಂದರು ಎಂದು ಅರ್ಥ. ಎರಡನೆಯ ಕ್ಲಾಸಿನ ಮಕ್ಕಳು ಕೂಡ ಆಗ ಮಗ್ಗಿ ಹೇಳುವುದನ್ನು ನಿಲ್ಲಿಸಿ ಕಿಟಕಿ ಕಡೆ ನೋಡುತ್ತಿದ್ದರು.

ಒಂದು ದಿನ ಬೆಳಿಗ್ಗೆ ಒಬ್ಬ ದೊಡ್ಡ ಕುಳ ತನ್ನ ಜೋಡೆತ್ತಿಗೆ ಸೂಜಿ ಹಾಕಿಸಲು ಬಂದಿದ್ದ. ಕಂಬದಷ್ಟು ಗಟ್ಟಿ ಎತ್ತುಗಳು, ನಿಂತಲ್ಲೇ ಹುಲ್ಲು ಮೇಯುತ್ತಿದ್ದವು. ಡಾಕ್ಟರು ಬಲಗಡೆಯದರ ಕಿವಿ ಮುಟ್ಟಿ, ಸೂಜಿಯನ್ನು ವಾಪಸ್ಸು ತಟ್ಟೆಯಲ್ಲಿಟ್ಟರು.

"ಇದ್ರ ಹಗ್ಗ ಬಿಚ್ಬುಡು ಗೌಡ. ಹುಣಸೆಮರದ ನೆಳ್ಳಲ್ಲಿ ಮಲಿಕ್ಕಳ್ಳಲಿ."

"ಯಾಕ್ ಸಾ? ಚೆಂದಾಗಿ ಮೇಯ್ತಾ ಅದಲ್ಲ!"

"ಮೇಯ್ತಾ ಅದೆ. ಮೇಯ್ಲಿ ಬುಡು."

ಮಧ್ಯಾಹ್ನದ ಊಟದ ಬೆಲ್ಲು ಹೊಡೆಯುವ ಹೊತ್ತಿಗೆ ಆ ಎತ್ತು ಬಾಯಲ್ಲಿ ಹುಲ್ಲು ಇಟ್ಟುಕೊಂಡೇ ಮರದಡಿ ಸತ್ತು ಬಿದ್ದಿತ್ತು. ನಾನು ಕಣ್ಣಾರೆ ಕಂಡೆ. ಆವತ್ತು ನನಗೆ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ.

ಇಂಥವರ ಹತ್ತಿರ ಎಂ.ಎ.ಗೆ ಅರ್ಜಿ ಹಾಕುವವರಿಗೆ ಏನು ಕೆಲಸ ಎನ್ನುತ್ತೀರಾ? ಹನೂರಿನಲ್ಲಿ ನಮ್ಮ ಕೈಗೆ ಎಟುಕುವ ಗೆಜೆಟೆಡ್ ಅಧಿಕಾರಿ ಅವರೊಬ್ಬರೇ. ಅಂಕಪಟ್ಟಿಯ ನಕಲಿಗೆ ಅವರ ಹಸಿರು ಇಂಕಿನ ಸಹಿ ಬೇಕು, ನಡತೆಯ ಸರ್ಟಿಫಿಕೇಟೂ ಬೇಕು. ಇಂಗ್ಲಿಷಿನಲ್ಲಿದ್ದ ಆ ಸರ್ಟಿಫಿಕೇಟಿನ ಸಾಲಿನ ಅರ್ಥ ಇಷ್ಟು: ಇವರನ್ನು ನಾನು ಮೂರು ವರ್ಷಗಳಿಂದ ಸ್ವತಃ ಬಲ್ಲೆ, ಇವರ ನಡತೆ ಇಂಥದು. 'ಇಂಥದು' ಎನ್ನುವಲ್ಲಿ ಖಾಲಿ ಜಾಗ. ಬೇರೆ ಊರಿನ ಅಧಿಕಾರಿಗಳು ಮುಖವನ್ನೂ ನೋಡದೆ ಅಲ್ಲಿ 'ಗುಡ್' ಎಂದು ಗೀಚುತ್ತಿದ್ದರು. ಇವರು ಮಾತ್ರ ಬಲ್ಲೆ ಎಂದು ಬರೆಯಬೇಕಾದರೆ ಬಲ್ಲವರಾಗಿರಬೇಕು ಎಂದುಕೊಂಡಿದ್ದರು. ಮೇಜಿನ ಪಕ್ಕದಲ್ಲಿ ದನ ನಿಲ್ಲಿಸುವ ಮರದ ಚೌಕಟ್ಟು. ಇನ್ನೆಲ್ಲೂ ಜಾಗವಿಲ್ಲದ್ದರಿಂದ ಸಹಿಗೆ ಬಂದವರೂ ಆ ಚೌಕಟ್ಟಿನೊಳಗೇ ನಿಲ್ಲಬೇಕು, ಕಿವಿ ಕೊಡಬೇಕು.

ನಾನೂ ಮಾದೇವನೂ ಆ ಸ್ಕೂಲಿನಲ್ಲಿ ಮೇಷ್ಟ್ರುಗಳು. ಒಂದೇ ಕೋಣೆಯಲ್ಲಿ ವಾಸ, ಒಂದೇ ಸ್ಟವ್ವಿನಲ್ಲಿ ಅಡುಗೆ. ಇಬ್ಬರದೂ ಬಿ.ಎ. ಆಗಿತ್ತು, ಇಬ್ಬರಿಗೂ ಮೈಸೂರಿನಲ್ಲಿ ಕನ್ನಡ ಎಂ.ಎ. ಓದುವ ಹುಚ್ಚು. ಅರವತ್ತರ ದಶಕದ ಕೊನೆಯ ವರ್ಷಗಳು ಅವು. ನಮ್ಮ ಲೆಕ್ಕಾಚಾರಗಳನ್ನು ಈಗ ನೆನೆದರೆ ನಗು ಬರುತ್ತದೆ. ತತ್ವಶಾಸ್ತ್ರಕ್ಕೆ ಯಾರೂ ಅರ್ಜಿ ಹಾಕುವುದಿಲ್ಲ, ಅದಕ್ಕೆ ಸೇರಿ ಆಮೇಲೆ ಕನ್ನಡಕ್ಕೆ ಜಾರಿಕೊಳ್ಳಬಹುದು ಎಂದು ಗೆಳೆಯನೊಬ್ಬ ಹೇಳುತ್ತಿದ್ದ. ಸಂದರ್ಶನದಲ್ಲಿ ಏನು ಓದಿದ್ದೀಯ ಎಂದು ಕೇಳಿದರೆ, ಕೇಳಿದವರೇ ಬರೆದ ಪುಸ್ತಕದ ಹೆಸರು ಹೇಳಬೇಕು ಎಂದು ಇನ್ನೊಬ್ಬ. ಒಂದು ತಾಲ್ಲೂಕಿನಿಂದ ಒಬ್ಬನನ್ನೇ ತೆಗೆದುಕೊಳ್ಳುತ್ತಾರೆ ಎಂಬ ಮಾತನ್ನು ಯಾರು ಹುಟ್ಟಿಸಿದರೋ ಗೊತ್ತಿಲ್ಲ. ಅದು ನನ್ನ ತಲೆಯಲ್ಲಿ ಮನೆ ಮಾಡಿತು. ಮಾದೇವನ ಅಂಕಗಳು ನನ್ನವಕ್ಕಿಂತ ಹೆಚ್ಚಿದ್ದವು.

ಮೊದಲ ವರ್ಷ ಡಾಕ್ಟರು ಇಬ್ಬರ ಕಿವಿಯನ್ನೂ ಮುಟ್ಟಿ, "ಬೆಚ್ಗದೆ" ಎಂದು ಒಂದೇ ನಿಮಿಷದಲ್ಲಿ ಸಹಿ ಹಾಕಿಕೊಟ್ಟರು. ಎರಡೂ ಕವರನ್ನು ರಿಜಿಸ್ಟರ್ ಮಾಡಲು ಕೊಳ್ಳೇಗಾಲಕ್ಕೆ ಹೋದವನು ನಾನು. ಪೋಸ್ಟಾಫೀಸಿನ ಕಿಂಡಿಯ ಮುಂದೆ ನನ್ನ ಕವರನ್ನು ಕೊಟ್ಟೆ. ಇನ್ನೊಂದನ್ನು ಕೊಡಲಿಲ್ಲ. ಅಷ್ಟೇ ನಡೆದದ್ದು. ಯಾವ ಯೋಜನೆಯನ್ನೂ ಮಾಡಿರಲಿಲ್ಲ, ಕೈ ಮುಂದಕ್ಕೆ ಹೋಗಲಿಲ್ಲ. ಹನೂರಿಗೆ ಬಂದು ಅದನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಪೆಟ್ಟಿಗೆಯ ತಳದಲ್ಲಿಟ್ಟೆ.

"ರಿಜಿಸ್ಟ್ರು ಮಾಡ್ದೆ ಕಣ್ಲಾ ಮಾದೇವ," ಎಂದೆ. "ರಸೀದಿ ಎಲ್ಲೋ ಬಿದ್ದೋಯ್ತು, ಬಸ್ನಲ್ಲಿ."

"ಓಗ್ಲಿ ಬುಡು," ಎಂದ ಅವನು.

ಸಂದರ್ಶನದ ಕಾರ್ಡು ನನಗೊಬ್ಬನಿಗೇ ಬಂತು. ಮಾದೇವ ಒಂದು ತಿಂಗಳು ಪೋಸ್ಟ್‌ಮ್ಯಾನ್ ದಾರಿ ಕಾದ. ನಾನು ಮೈಸೂರಿಗೆ ಹೊರಟ ದಿನ ತನ್ನ ಒಳ್ಳೆಯ ಕೋಟನ್ನು ಬ್ರಷ್ ಮಾಡಿ ನನಗೆ ತೊಡಿಸಿದ. ಆ ಕೋಟು ಹಾಕಿಕೊಂಡು ಹೋಗಿ, ಮೂರು ಪ್ರಶ್ನೆಗೆ ತಡವರಿಸಿ, ಸೀಟು ಸಿಗದೆ ವಾಪಸ್ಸು ಬಂದೆ. ಮಾಡಿದ ಪಾಪಕ್ಕೆ ಫಲವೂ ಸಿಗಲಿಲ್ಲ.

ಮರುವರ್ಷ ಮತ್ತೆ ಅರ್ಜಿ. ಮಾದೇವ ಬೇಗನೆ ಸಹಿ ಹಾಕಿಸಿಕೊಂಡು, "ಈ ಸಲ ನಾನೇ ಓಗಿ ಆಕ್ಬತ್ತೀನಿ ಬುಡು" ಎಂದು ತನ್ನದನ್ನು ತಾನೇ ಪೋಸ್ಟ್ ಮಾಡಿ ಬಂದಿದ್ದ. ನಾನು ದಿನ ದೂಡುತ್ತಾ ಕೊನೆಯ ವಾರದ ಸೋಮವಾರ ಆಸ್ಪತ್ರೆಗೆ ಹೋದೆ. ಶನಿವಾರ ಕೊನೆಯ ದಿನ. ಡಾಕ್ಟರು ಕಿವಿ ಮುಟ್ಟಿದರು. ಕೈ ತೆಗೆಯಲಿಲ್ಲ.

"ತಣ್ಗದೆ ಕಣಪ್ಪ."

"ಈಗ್ತಾನೆ ಮಖ ತೊಳ್ಕಂಡು ಬಂದೆ ಸಾ."

"ಮಖ ತೊಳುದ್ರೆ ಕಿವಿ ಬುಡ ತಣ್ಗಾದದಾ? ನಾಳೆ ಬಾ."

ಮಂಗಳವಾರ ನಾನು ಎರಡೂ ಕಿವಿಯನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ಕೆಂಪಗೆ ಮಾಡಿಕೊಂಡು, ಹತ್ತು ನಿಮಿಷ ಬಿಸಿಲಿನಲ್ಲಿ ನಿಂತು ಒಳಗೆ ಹೋದೆ. ಬಿ.ಎ. ಓದಿದವನ ಬುದ್ಧಿ ನೋಡಿ.

"ಉಜ್ಕಂಡ್ ಬಂದಿದ್ದೀಯ," ಎಂದರು. "ಮ್ಯಾಲ್ಗಡೆ ಬಿಸಿ ಅದೆ, ಬುಡ ತಣ್ಗೇ ಅದೆ. ಓದ್ವರ್ಸ ಬೆಚ್ಗಿತ್ತಲ್ಲ. ನಡುವ್ಲೆಲ್ಲೋ ಆಗದೆ ಇದು."

ಬುಧವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೊರಗೆ ಏಳೆಂಟು ದನಗಳು ಕಟ್ಟಿದ್ದವು. ನಾನು ಚೌಕಟ್ಟಿನೊಳಗೆ ನಿಂತೆ. ಕೈ ನನ್ನ ಕಿವಿಗೆ ಬರುತ್ತಲೇ ತಲೆ ಹಿಂದೆಳೆದುಕೊಂಡೆ.

"ಚುಮ್ಮಾ ಇರು," ಎಂದರು ಡಾಕ್ಟರು.

ಹೊರಗಿನ ಗಂಟೆಗಳೆಲ್ಲ ನಿಂತವು. ನನ್ನ ಕಾಲುಗಳೂ ನಿಂತವು. ಅಲುಗಾಡೋಣ ಎಂದರೆ ಆಗಲೇ ಇಲ್ಲ. ಅವರು ಬಾಗಿಲ ಕಡೆ ನೋಡುತ್ತ, ನನಗೆ ಹೇಳಿದರೋ ದನಗಳಿಗೆ ಹೇಳಿದರೋ ತಿಳಿಯದ ಹಾಗೆ ಮೆಲ್ಲಗೆ ಮಾತಾಡಿದರು.

"ದನಗೋಳು ಒಂದೊಂದ್ ಸಲ ನುಂಗ್ಬಾರದ್ದ ನುಂಗ್ಬುಡ್ತವೆ. ಮೊಳೆ, ಬಟ್ಟೆ, ಕಾಗ್ದ. ವರ್ಸಗಟ್ಲೆ ಒಟ್ಟೆ ತಳದಲ್ಲೇ ಇರ್ತದೆ. ಮ್ಯಾಲ್ಗೆ ಏನೂ ಕಾಣಾಕಿಲ್ಲ. ಮೇಯ್ತವೆ, ಉಳ್ತವೆ. ಕಿವಿ ಒಂದು ತಣ್ಗಾದದೆ."

ಮೊಳೆ ಎಂದಾಗ ಏನೂ ಆಗಲಿಲ್ಲ. ಬಟ್ಟೆ ಎಂದಾಗ ಟವೆಲ್ಲು ನೆನಪಾಯಿತು. ಕಾಗದ ಎಂದಾಗ ಬೆನ್ನಿನ ಮೇಲೆ ಬೆವರು ಇಳಿಯಿತು. ನನ್ನ ಪೆಟ್ಟಿಗೆಯನ್ನು ಅವರು ಕಂಡವರಲ್ಲ, ನಮ್ಮ ಕೋಣೆಗೆ ಒಮ್ಮೆಯೂ ಬಂದವರಲ್ಲ. ನನಗೆ ಅವರನ್ನು ಕಂಡು ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಡಾಕ್ಟರು ಕೂತು, ಹಸಿರು ಇಂಕಿನಲ್ಲಿ ನನ್ನ ಹೆಸರು ಬರೆದು, ಮೂರು ವರ್ಷಗಳಿಂದ ಬಲ್ಲೆ ಎಂಬುದರ ಕೆಳಗೆ ಗೆರೆ ಎಳೆದು, ಸಹಿ ಹಾಕಿ ಸೀಲು ಒತ್ತಿದರು. ನಡತೆಯ ಜಾಗ ಖಾಲಿ ಇತ್ತು.

"ಇದ್ನ ನಾ ತುಂಬಾಕಾಗಲ್ಲ ಕಣಪ್ಪ. ಯಾರು ತುಂಬ್ಬೋದೋ ಅವ್ರ ಕೈಲಿ ತುಂಬುಸ್ಕೋ ಓಗು."

ಯಾರು ಎಂದು ನಾನು ಕೇಳಲಿಲ್ಲ. ಕೋಣೆಗೆ ಬಂದು ಪೆನ್ನು ತೆಗೆದು, ನಾನೇ 'ಗುಡ್' ಎಂದು ಬರೆದುಬಿಡೋಣ ಎಂದು ಕೂತೆ. ಆಗಲಿಲ್ಲ. ಸಂಜೆ ಮಾದೇವ ಬಂದಾಗ ಪೆಟ್ಟಿಗೆಯ ತಳದಿಂದ ಅವನ ಹಳೆಯ ಕವರನ್ನು ತೆಗೆದು ಅವನ ಮುಂದಿಟ್ಟೆ.

"ಓದ್ವರ್ಸ ಇದ್ನ ಆಕಾದು ಮರ್ತೋಗ್ಬುಟ್ಟಿದ್ದೆ ಕಣೋ," ಎಂದೆ. "ನೆನ್ನೆ ಪೆಟ್ಟಿಗೇಲಿ ಸಿಕ್ತು."

ಅರ್ಧ ನಿಜ ಹೇಳಿದರೆ ಕಿವಿಯೂ ಅರ್ಧ ಬೆಚ್ಚಗಾದೀತು ಎಂದುಕೊಂಡಿದ್ದೆನೋ ಏನೋ. ಮಾದೇವ ಆ ಕವರನ್ನು ತಿರುಗಿಸಿ ತಿರುಗಿಸಿ ನೋಡಿದ. ನಾನು ಖಾಲಿ ಜಾಗದ ಸರ್ಟಿಫಿಕೇಟು ತೋರಿಸಿ ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವನು ಕವರನ್ನು ಪಕ್ಕಕ್ಕಿಟ್ಟ. ಆಮೇಲೆ ನನ್ನ ಅರ್ಜಿಯನ್ನೂ ಸರ್ಟಿಫಿಕೇಟನ್ನೂ ಎತ್ತಿಕೊಂಡ.

"ಕೊಡು. ಅದೇನು ಅಂತ ಆಮೇಲೆ ಬರೀತೀನಿ. ನಾಳೆ ಕೊಳ್ಳೇಗಾಲುಕ್ಕ ಓಯ್ತೀನಿ, ನಾನೇ ಆಕ್ತೀನಿ."

ಬೇಡ ಎನ್ನಲು ನನಗೆ ಬಾಯಿ ಎಲ್ಲಿತ್ತು? ಭಾನುವಾರ ಅವನನ್ನು ರಸೀದಿ ಕೇಳಿದೆ. ಅವನು ಅಕ್ಕಿ ತೊಳೆಯುತ್ತಿದ್ದ, ತಲೆ ಎತ್ತಲಿಲ್ಲ.

"ರಸೀದಿ ಎಲ್ಲೋ ಬಿದ್ದೋಯ್ತು, ಬಸ್ನಲ್ಲಿ," ಎಂದ.

ನನ್ನದೇ ಮಾತು, ನನ್ನದೇ ದನಿಯ ಏರಿಳಿತ. ಆಮೇಲಿನ ಐದು ವಾರ ನಾನು ಹೇಗೆ ಕಳೆದೆ ಎಂಬುದು ನನಗೇ ಗೊತ್ತು. ಪೋಸ್ಟ್‌ಮ್ಯಾನ್ ದಾರಿ ಕಾಯುವುದೆಂದರೆ ಏನೆಂದು ಆಗ ತಿಳಿಯಿತು. ಆದರೆ ಕಾರ್ಡು ಬಂತು, ಇಬ್ಬರಿಗೂ.

ಸಂದರ್ಶನದಲ್ಲಿ ವಯಸ್ಸಾದ ಪ್ರೊಫೆಸರೊಬ್ಬರು ನನ್ನ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದರು. "ಎಲ್ಲ ಹಸಿರಿನಲ್ಲಿದೆ, ಈ 'ಗುಡ್' ಒಂದು ಮಾತ್ರ ನೀಲಿಯಲ್ಲಿದೆಯಲ್ಲ, ಯಾಕೆ?" ಮಾದೇವ ಏನು ಬರೆದಿದ್ದಾನೆಂದು ನನಗೆ ತಿಳಿದದ್ದು ಆ ಕ್ಷಣದಲ್ಲಿ. ಕಣ್ಣು ತುಂಬಿ ಬಂತು. ಆದರೂ ಬಾಯಿಂದ ಬಂದದ್ದು, "ಡಾಕ್ಟರ ಪೆನ್ನಿನಲ್ಲಿ ಇಂಕು ಮುಗಿದಿತ್ತು ಸಾರ್" ಎಂಬ ಸುಳ್ಳು. ಅದನ್ನು ಹೇಳುವಾಗ ಕಿವಿಯ ಬುಡದಲ್ಲಿ ಯಾರೋ ಕೈ ಇಟ್ಟಂತಾಯಿತು. ಒಂದೇ ತಾಲ್ಲೂಕಿನ ಇಬ್ಬರನ್ನೂ ತೆಗೆದುಕೊಂಡರು.

ಡಾಕ್ಟರಿಗೆ ಸುದ್ದಿ ಹೇಳಲು ನಾನು ಹೋಗಲಿಲ್ಲ. ಹನೂರು ಬಿಡುವವರೆಗೂ ಆಸ್ಪತ್ರೆಯ ಮುಂದಿನ ದಾರಿ ಬಿಟ್ಟು ಹಿಂದಿನಿಂದ ಸುತ್ತಿಕೊಂಡು ಸ್ಕೂಲಿಗೆ ಹೋಗುತ್ತಿದ್ದೆ. ಎಂ.ಎ. ಆಯಿತು, ಇಬ್ಬರೂ ಬೇರೆ ಬೇರೆ ಊರಿನಲ್ಲಿ ಲೆಕ್ಚರರ್ ಆದೆವು. ಅವರು ರಿಟೈರಾಗಿ ತಮ್ಮ ಊರಾದ ಯಳಂದೂರಿಗೆ ಹೋದರೆಂದು ಕೇಳಿದ್ದೆ. ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ಬೆಳಿಗ್ಗೆ ಮಾದೇವ ನನ್ನ ಬಾಗಿಲಿಗೆ ಬಂದು, "ಡಾಕ್ಟ್ರು ನೆನ್ನೆ ಸಾಯಂಕಾಲ ತೀರ್ಕಂಡ್ರಂತೆ, ಬಾ" ಎಂದ.

ಅವರ ಮನೆಯ ಜಗುಲಿಯ ಮೇಲೆ, ನಮ್ಮವರ ಪದ್ಧತಿಯಂತೆ, ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ತಲೆಗೆ ಪೇಟ. ಕತ್ತಿನವರೆಗೆ ಗುಂಡಿ ಹಾಕಿದ ಅದೇ ಖಾಕಿ ಕೋಟು. ಆಸ್ಪತ್ರೆಯ ಕುರ್ಚಿಯಲ್ಲಿ ಕೂತಿದ್ದಂತೆಯೇ ಕೂತಿದ್ದರು. ರೆಪ್ಪೆ ಪೂರ್ತಿ ಮುಚ್ಚಿರಲಿಲ್ಲ, ನೋಟ ಬಾಗಿಲ ಕಡೆಗೆ. ಎದುರು ಕೊಟ್ಟಿಗೆಯಲ್ಲಿ ಎರಡು ಹಸು ಇದ್ದವು. ಅಷ್ಟು ಜನ ಓಡಾಡುತ್ತಿದ್ದರೂ ಅವುಗಳ ಗಂಟೆ ಅಲುಗಲಿಲ್ಲ.

ನನ್ನ ಸರದಿ ಬಂದಾಗ ಕಾಲಿಗೆ ನಮಸ್ಕರಿಸಿ ಏಳುತ್ತ, ಯಾಕೆ ಹಾಗೆ ಮಾಡಿದೆನೋ ತಿಳಿಯದು, ಕೈಯ ಹಿಂಬದಿಯನ್ನು ಅವರ ಕಿವಿಯ ಬುಡಕ್ಕೆ ತಾಗಿಸಿದೆ. ಬೆಚ್ಚಗಿತ್ತು. ಜಗುಲಿಗೆ ಬಿಸಿಲು ಬರುತ್ತಿರಲಿಲ್ಲ, ಜೀವ ಹೋಗಿ ಒಂದು ರಾತ್ರಿ ಕಳೆದಿತ್ತು. ಅದೇ ಕೈಯನ್ನು ನನ್ನ ಕಿವಿಗೆ ಮುಟ್ಟಿಸಿಕೊಂಡೆ. ಕಲ್ಲಿನಂತೆ ತಣ್ಣಗಿತ್ತು.

ಜಗುಲಿ ಇಳಿದು ಮಾದೇವನ ತೋಳು ಹಿಡಿದುಕೊಂಡೆ.

"ಆವತ್ತು ನಾನು ಮರ್ತಿರ್ಲಿಲ್ಲ ಕಣೋ ಮಾದೇವ. ಬೇಕೂಂತ್ಲೇ ಆಕ್ನಿಲ್ಲ."

"ಗೊತ್ತು ಕಣ್ಲಾ," ಎಂದ ಅವನು. "ಮರ್ತೋನು ರಸೀದಿ ಕಳ್ದೋಯ್ತು ಅಂದಾನಾ? ಆ ಪೆಟ್ಟಿಗೆ ಕವರ್ ನೋಡ್ದಾಗ್ಲೇ ತಿಳೀತು." ಡಾಕ್ಟರ ಕಡೆ ತಿರುಗಿದ. "ನಿನ್ ಅರ್ಜೀನೂ ನಾನು ಆಕ್ನಿಲ್ಲ. ಗುರುವಾರ, ಸುಕ್ರವಾರ ಎರಡ್ ದಿವ್ಸ ನನ್ ಪೆಟ್ಟಿಗೇಲೇ ಇತ್ತು. ಶನಿವಾರ ಬೆಳಿಗ್ಗೆ ಇವ್ರು ರೋಡ್ನಲ್ಲಿ ಸಿಕ್ಕುದ್ರು. ಏನೂ ಕೇಳ್ನಿಲ್ಲ. ಕಿವಿ ಮುಟ್ಟುದ್ರು. ಸೀದಾ ಕೋಣೆಗೋಗಿ ಪೆನ್ ತಗ್ದು ಬರ್ದು, ಬಸ್ಸತ್ತಿ ಮೈಸೂರ್ಗೋಗಿ ಕೈಯಾರೆ ಕೊಟ್ಬಂದೆ."

ಮಾದೇವ ಕೈ ಎತ್ತಿ ನನ್ನ ಕಿವಿಯ ಬುಡಕ್ಕೆ ಒತ್ತಿದ. ಎಷ್ಟೋ ಹೊತ್ತು ತೆಗೆಯಲಿಲ್ಲ. ಏನು ತಾಗಿತೋ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊಟ್ಟಿಗೆಯ ಕಡೆಯಿಂದ ಗಂಟೆಯ ಸದ್ದು ಮತ್ತೆ ಶುರುವಾಯಿತು.