ಮಡಿಗೆ ಅಡ್ಡಿಯಿಲ್ಲದ ಹೊಗೆ

ಚಿತ್ತಾಪುರದ ಗುರುರಾಜ ಮಾಸ್ತರರು ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಿದ್ದರು. ಓಣಿಯವರು ಅವರನ್ನು ಮಹಾ ಕರ್ಮಠರೆಂದು ತಿಳಿದು ಎದುರಿಗೆ ಬಂದಾಗ ದಾರಿ ಬಿಡುತ್ತಿದ್ದರು. ನಿಜ ಸಂಗತಿ ಹೆಂಡತಿ ಪದ್ಮಜಾಬಾಯಿಗೆ ಮಾತ್ರ ಗೊತ್ತಿತ್ತು. ಒಂದು ಸ್ನಾನ ದೇವರ ಸಲುವಾಗಿ, ಉಳಿದೆರಡು ಸಿಗರೇಟಿನ ಸಲುವಾಗಿ.

ಮನೆ ಮಡಿಯ ಮನೆ. ಸೇದಿ ಬಂದವನು ಅಂಗಳದಲ್ಲೇ ನಾಲ್ಕು ತಂಬಿಗೆ ತಣ್ಣೀರು ಸುರಿದುಕೊಂಡು ಹೊಸ್ತಿಲು ದಾಟಬೇಕು. ಮದುವೆಯಾದ ಮೊದಲ ವಾರವೇ ಪದ್ಮಜಾಬಾಯಿ ಹಾಕಿದ ಕಾನೂನು ಅದು. ಮಾಸ್ತರರು ಗಣಿತ ಕಲಿಸುವವರು, ಲೆಕ್ಕ ಹಾಕಿ ನೋಡಿದರು. ಸಿಗರೇಟಿಗೊಂದು ಸ್ನಾನ. ಪುಷ್ಯ ಮಾಸದ ಚಳಿಯಲ್ಲಿ ಮೂರನೆಯದನ್ನು ಹಚ್ಚುವಷ್ಟು ಗಂಡೆದೆ ಅವರಿಗಿರಲಿಲ್ಲ. ಹೀಗಾಗಿ ಇಪ್ಪತ್ತೈದು ವರ್ಷ ಅದು ಎರಡರ ಮೇಲೆ ಏರಲೇ ಇಲ್ಲ. ಏಕಾದಶಿಯಂದು ಅದೂ ಇಲ್ಲ.

ಎರಡೂ ಹೆಚ್ಚೇ ಆಯಿತೆಂದು ೨೦೦೭ರಲ್ಲಿ ತಿಳಿಯಿತು. ಹತ್ತನೆಯ ತರಗತಿಯಲ್ಲಿ ಲೆಕ್ಕ ಬಿಡಿಸುತ್ತಿದ್ದಾಗ ಎದೆಯನ್ನು ಯಾರೋ ಹಿಂಡಿದಂತಾಗಿ ಮಾಸ್ತರರು ಕುಸಿದು ಕೂತರು. ಶಹಾಬಾದಿನ ಡಾಕ್ಟರು ಗುಳಿಗೆ ಬರೆದುಕೊಟ್ಟು ಕನ್ನಡಕದ ಮೇಲಿಂದ ನೋಡಿದರು.

"ಮಾಸ್ತರ್ರ, ಮತ್ತ ಸೇದಿದ್ರಂದ್ರ ನನ್ನ ಹಂತೇಕ ಬರಬ್ಯಾಡ್ರಿ. ಬರಬೇಕಂದ್ರೂ ಆಗೂದಿಲ್ಲ."

ಬಸ್ಸಿನಲ್ಲಿ ಮರಳುವಾಗ ಪದ್ಮಜಾಬಾಯಿ ದಾರಿಯುದ್ದಕ್ಕೂ ಗಂಡನ ಮಣಿಕಟ್ಟು ಹಿಡಿದೇ ಕೂತಿದ್ದರು. ನಾಡಿ ನೋಡುವವರ ಹಾಗೆ.

ಮಾಸ್ತರರು ಬಿಟ್ಟರು. ಬಿಟ್ಟವರ ಮುಖ ಮಾತ್ರ ನೋಡುವ ಹಾಗಿರಲಿಲ್ಲ. ಅದನ್ನು ಮೊದಲು ಬಾಯಿಬಿಟ್ಟು ಹೇಳಿದವನು ಇಸಾಕ. ಅವರ ಹಳೆಯ ವಿದ್ಯಾರ್ಥಿ, ಸ್ಟೇಶನ್ ರಸ್ತೆಯಲ್ಲಿ ಮೊಬೈಲ್ ರಿಪೇರಿ ಮಾಡುವವನು. ವಾರಕ್ಕೊಮ್ಮೆ ಹೈದರಾಬಾದಿನ ಗಾಡಿ ಹತ್ತಿ ಹೋಗಿ ಹೊಸ ಸಾಮಾನು ತರುತ್ತಿದ್ದ.

"ಸರ್, ಹದಿನಾಕ ತಿಂಗಳಾತು, ಮಯ್ಯತ್‌ಗೆ, ಮಣ್ಣು ಕೊಡ್ಲಿಕ್ಕ ಬಂದವರಂಗ ಕುಂದರ್ತೀರಿ. ಇದ ಒಂದ್ಸಲ ಎಳದ ನೋಡ್ರಿ."

ಅವನು ಕೊಟ್ಟದ್ದು ಥೇಟ್ ಸಿಗರೇಟಿನಂತೆಯೇ ಇತ್ತು. ಬೆಂಕಿಕಡ್ಡಿ ಬೇಡ. ಎಳೆದರೆ ತುದಿಯಲ್ಲಿ ಸಣ್ಣ ನೀಲಿ ದೀಪ ಹತ್ತುತ್ತದೆ, ಬಾಯಿಂದ ಏಲಕ್ಕಿ ವಾಸನೆಯ ಬಿಳಿ ಹೊಗೆ ಬರುತ್ತದೆ.

"ಇದರಾಗ ತಂಬಾಕ?"

"ಎಲ್ಲೀದು ಸರ್! ಬರೇ ಹಬಿ. ಇಡ್ಲಿ ಪಾತ್ರಿ ಮುಚ್ಚಳ ತಗದ್ರ ಬರ್ತದಲ್ಲ, ಅಂಥಾದ್ದು. ನನಗ ಮಾರಿದವ ಹಂಗ ಹೇಳ್ಯಾನ."

ಒಳಗೆ ಹನಿಸುವ ದ್ರವದ ಪುಟ್ಟ ಬಾಟಲಿಯ ಮೇಲೆ ಚೀನೀ ಬರಹವಿತ್ತು. ಮಾಸ್ತರರಿಗೆ ಓದಲು ಬಂದದ್ದು ಹದಿನಾರು ಎಂಬ ಅಂಕಿ ಒಂದೇ. ಹದಿನಾರು ಒಳ್ಳೆಯ ಸಂಖ್ಯೆ, ನಾಲ್ಕರ ವರ್ಗ. ಅಷ್ಟಕ್ಕೇ ಸಮಾಧಾನಪಟ್ಟು ಜೇಬಿಗಿಳಿಸಿದರು.

ಪದ್ಮಜಾಬಾಯಿ ಸುಲಭಕ್ಕೆ ಒಪ್ಪುವವರಲ್ಲ. ಆ ವಸ್ತುವನ್ನು ಬಾಳೆ ಎಲೆಯ ಮೇಲಿಟ್ಟುಕೊಂಡು, ಗಂಡನನ್ನೂ ಕರೆದುಕೊಂಡು ಆನಂದತೀರ್ಥಾಚಾರ್ಯರ ಮನೆಗೆ ಹೋದರು. ಶ್ರಾದ್ಧ, ಸೂತಕ, ಮುಹೂರ್ತ ಯಾವುದಿದ್ದರೂ ಓಣಿಗೆ ಅವರ ಮಾತೇ ಕೊನೆ. ಆಚಾರ್ಯರು ಬಗ್ಗಿ ನೋಡಿದರು, ಮುಟ್ಟಲಿಲ್ಲ.

"ಬೆಂಕಿ ಅದ ಏನು?"

"ಇಲ್ರಿ ಆಚಾರ್ರ."

"ಬೂದಿ ಬೀಳ್ತದ?"

"ಇಲ್ರಿ."

"ವಾಸನಿ?"

"ಏಲಕ್ಕೀದ್ರಿ."

"ಮತ್ತ ಏನವಾ ಪದ್ಮಜಾಬಾಯಿ, ನಮ್ಮ ಮನಿ ಪಾಯಸ ಆದಂಗ ಆತಲ್ಲ! ಎಳದಾದ ಮ್ಯಾಲೆ ಕೈ ತೊಳದು ಬಾಯಿ ಮುಕ್ಕಳಿಸ್ಲಿ. ಮಡಿಗೆ ಅಡ್ಡಿಯಿಲ್ಲ."

ಆಚಾರ್ಯರು ಹೇಳಿದ್ದು ಮಡಿಯ ಮಾತು. ಗಂಡಹೆಂಡಿರು ಅದನ್ನು ಎದೆಗೂ ಅನ್ವಯಿಸಿಕೊಂಡು, ಇಬ್ಬರೂ ಒಂದು ದೊಡ್ಡ ಹೊರೆ ಇಳಿದವರಂತೆ ಮನೆಗೆ ನಡೆದರು. ಕಾಲು ಶತಮಾನ ಅಂಗಳದಲ್ಲೇ ತಡೆದು ನಿಲ್ಲಿಸಿದ್ದ ಹೊಗೆಯನ್ನು ಪದ್ಮಜಾಬಾಯಿ ಅಂದು ತಾವೇ ಒಳಗೆ ಬಿಟ್ಟುಕೊಂಡರು.

ಮಾಸ್ತರರಿಗೆ ಮತ್ತೆ ಹರೆಯ ಬಂದಂತಾಯಿತು. ಪೇಪರು ಓದುತ್ತ ಎಳೆದರು, ಉತ್ತರಪತ್ರಿಕೆ ತಿದ್ದುತ್ತ ಎಳೆದರು. ಸಿಗರೇಟಾದರೆ ಸುಟ್ಟು ಮುಗಿಯುತ್ತದೆ, ತುಂಡು ಎಸೆಯಬೇಕು, ತಣ್ಣೀರಿಗೆ ಹೆದರಬೇಕು. ಇದಕ್ಕೆ ಮುಗಿಯುವುದೇ ಗೊತ್ತಿಲ್ಲ. ಕರೆಂಟು ಹೋಗುವ ಹೊತ್ತನ್ನು ಪಂಚಾಂಗದ ರಾಹುಕಾಲದಂತೆ ಬಾಯಿಪಾಠ ಮಾಡಿ, ಅದಕ್ಕೆ ಮೊದಲೇ ಚಾರ್ಜಿಗೆ ಹಚ್ಚಿಡುತ್ತಿದ್ದರು. ಮರೆತರೆ ಪದ್ಮಜಾಬಾಯಿಯೇ ನೆನಪು ಮಾಡುತ್ತಿದ್ದರು.

ಏಕಾದಶಿ ಬಂತು. ಮಾಸ್ತರರು ಈ ಸಲ ಆಚಾರ್ಯರನ್ನು ಕೇಳಲು ಹೋಗಲಿಲ್ಲ. ಹಬೆ ಆಹಾರವಲ್ಲವೆಂದು ತಾವೇ ತೀರ್ಮಾನಿಸಿ ಎಳೆದರು. ಉಪವಾಸದ ಹೊಟ್ಟೆಗೆ ಅದು ಬೇರೆ ರೀತಿಯೇ ಇಳಿಯಿತು. ತಲೆ ತಿರುಗಿತು, ಬಾಯಲ್ಲಿ ನೀರೂರಿತು, ಎದೆ ಒಂದೆರಡು ಬಡಿತ ತಪ್ಪಿ ಆಮೇಲೆ ಓಡತೊಡಗಿತು. ನಿರ್ಜಲ ಉಪವಾಸದ ಫಲವೆಂದು ಹೆಂಡತಿಗೆ ಹೇಳಿದರು. ಆಕೆ ನಂಬಿ, ತುಳಸಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದರು.

ಹೆದರಿದವನು ಇಸಾಕನೇ. ಒಂದು ಸಂಜೆ ಮಾಸ್ತರರು ಬಾಟಲಿ ಕೇಳಲು ಹೋದಾಗ ಅವನು ಕೊಡದೆ ಕೈ ಹಿಂದೆ ಇಟ್ಟುಕೊಂಡ.

"ಸರ್, ಮದಲ ತಿಂಗಳಿಗೊಂದು ಒಯ್ತಿದ್ರಿ. ಈಗ ನಾಕ ದಿನಕ್ಕೊಂದು. ಕುಡೀಲಿಕತ್ತೀರೇನ್ರಿ?"

"ಕೊಡೋ ಹುಚ್ಚಾ. ಕೈ ನಡಗ್ಲಿಕತ್ತಾವ."

ಆ ಮಾತು ಬಾಯಿಂದ ಬಿದ್ದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಸಾಕ ಬಾಟಲಿ ಕೊಟ್ಟ. ಮರುದಿನ ಮಾತ್ರ ಮಾಸ್ತರರ ಮನೆಗೆ ಹೋಗಿ ಪದ್ಮಜಾಬಾಯಿಗೆ ಎಲ್ಲ ಹೇಳಿದ.

ಆಕೆ ಗಂಡನನ್ನು ಕರೆದುಕೊಂಡು ಹೋದಾಗ ಶಹಾಬಾದಿನ ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಈ ಹದಿನಾರು ಅಂದ್ರ ಏನಂತ ಮಾಡೀರಿ? ಒಂದೊಂದು ಮಿಲಿಗೆ ಹದಿನಾರು ಮಿಲಿಗ್ರಾಂ ನಿಕೋಟಿನ್. ತಂಬಾಕಿನಾಗ ನಿಮ್ಮನ್ನ ಹಿಡದು ಕಟ್ಟಿಹಾಕಿತ್ತಲ್ಲ, ಅದ ಇದು. ಉಳದದ್ದು ಏನೇನು ಹಾಕ್ಯಾರೋ ನನಗೂ ಗೊತ್ತಿಲ್ಲ."

"ಮಡಿಗೆ ಅಡ್ಡಿಯಿಲ್ಲಂದಿದ್ರು," ಎಂದರು ಪದ್ಮಜಾಬಾಯಿ, ಸಣ್ಣ ದನಿಯಲ್ಲಿ.

"ತಾಯಿ, ಎದಿಗೆ ಮಡಿ-ಮೈಲಿಗಿ ತಿಳ್ಯೂದಿಲ್ಲ. ಇದನ್ನ ಇವರ ಕೈಗೆ ಸಿಗದಂಗ ಮಾಡ್ರಿ."

ಮನೆಗೆ ಬಂದ ಆ ದಿನವೇ ಅದು ಮಾಯವಾಯಿತು. ಎಸೆದರೆ ಇನ್ನೊಂದನ್ನು ತರಿಸುತ್ತಾರೆ, ಬಚ್ಚಿಟ್ಟರೆ ಸಿಕ್ಕೀತೆಂಬ ಆಸೆಯಲ್ಲಾದರೂ ನಾಲ್ಕು ದಿನ ಕಳೆಯುತ್ತಾರೆ ಎಂಬುದು ಪದ್ಮಜಾಬಾಯಿಯ ಲೆಕ್ಕ. ಮಾಸ್ತರರು ಜೋಳದ ಡಬ್ಬಿ ಹುಡುಕಿದರು, ಹಾಸಿಗೆ ಝಾಡಿಸಿದರು, ದೇವರ ಸಂಪುಟದ ಹಿಂದೆಯೂ ಕಣ್ಣಾಡಿಸಿದರು. ಶಾಲೆಯಲ್ಲಿ ಎಂದೂ ಬೆತ್ತ ಮುಟ್ಟದವರು ಒಬ್ಬ ಹುಡುಗನ ಕೆನ್ನೆಗೆ ಹೊಡೆದರು. ಹೊಡೆದ ಕೈಯನ್ನು ಅದು ಬೇರೆಯವರದೇನೋ ಎಂಬಂತೆ ನೋಡುತ್ತ ನಿಂತರು.

ಮೂರನೆಯ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಅವರಿಗೆ ಒಂದು ಸಂಗತಿ ಹೊಳೆಯಿತು. ಹೆಂಡತಿ ಮೂರು ದಿನದಿಂದ, ಮಡಿ ಸೀರೆ ಒಣಗದಿದ್ದಾಗ ಮಾತ್ರ ಉಡುವ ಉಣ್ಣೆಯ ಧಾಬಳಿ ಉಟ್ಟೇ ಅಡುಗೆ ಮಾಡುತ್ತಿದ್ದಾರೆ. ಮೇಲೆ, ಚಾವಣಿಗೆ ತೂಗುಬಿಟ್ಟ ಗಳದ ಮೇಲೆ, ಮಡಿ ಸೀರೆ ಒಣಗಿ ಗರಿಗರಿಯಾಗಿದೆ. ಒಣಗಿದ ಮಡಿ ಸೀರೆ ಇರುವಾಗ ಈ ಸೆಕೆಯಲ್ಲಿ ಧಾಬಳಿ ಏಕೆ? ಗಣಿತದ ತಲೆ ಆ ಉತ್ತರಕ್ಕೆ ಬರಲು ತಡವಾಗಲಿಲ್ಲ. ಬಾಯಿಗಿಟ್ಟ ಎಂಜಲು ವಸ್ತುವನ್ನು ಆಕೆ ತನ್ನ ಮಡಿ ಸೀರೆಯ ಮಡಿಕೆಯಲ್ಲಿ ಸುತ್ತಿಟ್ಟಿದ್ದರು. ಗಂಡನ ಕೈ ಯಾವ ಕಾಲಕ್ಕೂ ಹೋಗದ ಜಾಗ ಇಡೀ ಮನೆಯಲ್ಲಿ ಅದೊಂದೇ. ಅದಕ್ಕಾಗಿ ತನ್ನ ಮಡಿಯನ್ನೇ ಆಕೆ ಕೆಡಿಸಿಕೊಂಡಿದ್ದರು.

ಮಡಿ ಬಟ್ಟೆಯನ್ನು ಮುಟ್ಟದೆ ಇಳಿಸುವ ಮೂಲೆಯ ಕೋಲನ್ನು ಮಾಸ್ತರರು ಹುಡುಕಲಿಲ್ಲ. ಮಣೆಯ ಮೇಲೆ ಹತ್ತಿ ನಿಂತು ಎರಡೂ ಕೈಯಿಂದ ಸೀರೆಯನ್ನು ಹಿಡಿದೆಳೆದರು.

ಪದ್ಮಜಾಬಾಯಿ ತುಳಸಿಗೆ ನೀರೆರೆದು ಒಳಗೆ ಬಂದಾಗ ಸೀರೆ ನೆಲದ ಮೇಲಿತ್ತು. ಅದರ ಮೇಲೆಯೇ ಗಂಡ ಕೂತಿದ್ದರು, ಹಣೆ ತುಂಬ ಬೆವರು. ಎಡಗೈ ಎದೆಯನ್ನು ಒತ್ತಿ ಹಿಡಿದಿತ್ತು. ಬಲಗೈ ಬಾಯಿಯ ಹತ್ತಿರವಿತ್ತು, ನೀಲಿ ದೀಪ ಹತ್ತುತ್ತ ಆರುತ್ತ ಇತ್ತು.

ಆಕೆ ತಂಬಿಗೆ ಕೆಳಗಿಟ್ಟು ಎದುರಿಗೆ ಕೂತರು.

"ಇದಕ್ಕಿಂತ ದೂರದ ಜಾಗ ನನ್ನ ಹಂತೇಕ ಇರ್ಲಿಲ್ರಿ," ಎಂದರು. "ಇನ್ನ ಎಲ್ಲಿಡ್ಲಿ, ನೀವ ಹೇಳ್ರಿ."

ಮಾಸ್ತರರು ತಲೆ ಅಲ್ಲಾಡಿಸಿದರು. ಹೇಳಬೇಕೆಂದಿದ್ದರೇನೋ. ಬಾಯಿಂದ ಏಲಕ್ಕಿ ಪರಿಮಳವಷ್ಟೇ ಬಂತು.