ಕಡಲಾಚೆಗೆ ಕೂಗಿದವರು

ಕೂಗುವಾಗ ಅವರು ಅಂಗೈಯನ್ನು ಬಾಯಿಯ ಬದಿಗಲ್ಲ, ಕಿವಿಯ ಹಿಂದಕ್ಕೆ ಒಡ್ಡುತ್ತಿದ್ದರು. ಕತ್ತಿನ ಎಡಭಾಗದ ನರವೊಂದು ಹಗ್ಗದಂತೆ ಉಬ್ಬಿ, ಮೂರು ಸಲ ಹೆಸರು ಹೊರಬಿದ್ದ ಮೇಲೆ ನಿಧಾನವಾಗಿ ಇಳಿಯುತ್ತಿತ್ತು. "ಕೂಗ್ಬುಟ್ರೆ ಆಗೋಯ್ತಾ ಮೇಷ್ಟ್ರೇ? ಓ ಅಂತಾರಾ ಅಂತ ಒಸಿ ಕೇಳ್ಬೇಕಲ್ವಾ?" ಎನ್ನುತ್ತಿದ್ದರು.

ಅವರು ಕನಕಪುರದಲ್ಲಿ ನ್ಯಾಯಾಲಯದ ದಲಾಯತರು. ಕಕ್ಷಿದಾರರನ್ನೂ ಸಾಕ್ಷಿಗಳನ್ನೂ ಜಗಲಿಯಲ್ಲಿ ನಿಂತು ಹೆಸರು ಹಿಡಿದು ಕರೆಯುವುದು ಅವರ ಉದ್ಯೋಗ. ನಮ್ಮ ಹಿಂದಿನ ಬೀದಿಯಲ್ಲೇ ಅವರ ಮನೆ. ಮೂರನೆಯ ಕರೆಗೂ ಉತ್ತರ ಬಾರದಿದ್ದರೆ ವಾರಂಟು ಹೊರಡಬಹುದೆಂಬುದನ್ನು ಬಲ್ಲವರಾದ್ದರಿಂದ, ಎರಡನೆಯ ಕೂಗಿನ ಅನಂತರ ಎದುರಿನ ಹೋಟೆಲಿನೊಳಕ್ಕೆ ಇಣುಕಿ ನೋಡುತ್ತಿದ್ದರು. "ಲೇ ಕೋಡಳ್ಳಿಯವ್ನೇ, ಇಡ್ಲಿ ಆಮೇಲೆ ತಿನ್ನೀವಂತೆ, ಎದ್ ಬಾರ್ಲಾ!" ಕೈತೊಳೆಯದೆ ಓಡಿ ಬಂದ ಸಾಕ್ಷಿಗಳನ್ನು ನಾನೇ ಕಂಡಿದ್ದೇನೆ.

ನಾಲ್ಕು ಜನರೆದುರಿಗೆ ಅವರ ಉಚ್ಚಾರವನ್ನು ನಾನೊಮ್ಮೆ ತಿದ್ದಿದ್ದೆ. 'ಆಜರಿದ್ದಾರಾ' ಅಲ್ಲ, 'ಹಾಜರಿದ್ದಾರೆಯೇ' ಎನ್ನಬೇಕೆಂದೆ. ಅವರು ಬೇಸರಿಸಲಿಲ್ಲ. "ಅಷ್ಟು ನೀಟಾಗಿ ಕೂಗುದ್ರೆ ಯಾರೋ ಸಾಹೇಬ್ರು ಬಂದವ್ರೆ ಅಂತ ಸಾಕ್ಷಿ ಓಡೋಯ್ತದೆ ಕಣಿ ಮೇಷ್ಟ್ರೇ," ಎಂದು ನಕ್ಕುಬಿಟ್ಟರು.

ಸಾತನೂರಿನ ಮಂಜುಳಾ ನನ್ನ ಹಳೆಯ ವಿದ್ಯಾರ್ಥಿನಿ. ಗಂಡ ತೀರಿಕೊಂಡ ಮೇಲೆ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದವಳಿಗೆ ಒಬ್ಬ ಏಜೆಂಟನು ಕೊಲ್ಲಿ ದೇಶದ ಆಸ್ಪತ್ರೆಯಲ್ಲಿ ಕೆಲಸವಿದೆಯೆಂದು ನಂಬಿಸಿದನು. ಅವಳ ಪಾಸ್‌ಪೋರ್ಟಿನ ಅರ್ಜಿಯನ್ನು ಒಂದಕ್ಷರವೂ ತಪ್ಪದಂತೆ ಬರೆದುಕೊಟ್ಟವನು ನಾನು. ಅದು ಯಾವ ಆಸ್ಪತ್ರೆ ಎಂದು ಕೇಳಬೇಕೆಂದು ನನಗೆ ತೋಚಲೇ ಇಲ್ಲ. ಅಲ್ಲಿ ಅವಳ ಪಾಸ್‌ಪೋರ್ಟನ್ನು ಕಿತ್ತುಕೊಂಡು, ಒಂದು ಮನೆಯಲ್ಲಿ ಕೂಡಿಹಾಕಿ ದುಡಿಸಿದರು. ಹೇಗೋ ತಪ್ಪಿಸಿಕೊಂಡು ನಮ್ಮ ರಾಯಭಾರ ಕಚೇರಿಯ ಆಶ್ರಯವನ್ನು ಸೇರಿದಳು. ಆದರೆ ಆ ಮನೆಯವರು ಅವಳ ಮೇಲೆಯೇ ಕಳ್ಳತನದ ದೂರು ಕೊಟ್ಟಿದ್ದರಿಂದ ಊರಿಗೆ ಮರಳಲಾಗಲಿಲ್ಲ.

ಇಲ್ಲಿ ಏಜೆಂಟನ ಮೇಲೆ ಮೊಕದ್ದಮೆ ನಡೆಯಿತು. ನನಗೂ ಸಮನ್ಸ್ ಬಂದಿತು. ನಾಚಿಕೆಯಿಂದ, ಅನಾರೋಗ್ಯದ ನೆಪವೊಡ್ಡಿ ತಪ್ಪಿಸಿಕೊಳ್ಳುವ ಯೋಚನೆಯಲ್ಲಿದ್ದೆ. ದಲಾಯತರು ಮನೆಗೆ ಬಂದು, ಕಾಫಿಯನ್ನೂ ಮುಟ್ಟದೆ ಹೇಳಿದರು: "ಬರ್ಕೊಟ್ಟಿದ್ದು ತಪ್ಪಲ್ಲ ಮೇಷ್ಟ್ರೇ. ಈಗ ಕೋರ್ಟಿಗೆ ಬರ್ದೆ ಇದ್ರೆ ಅದು ತಪ್ಪು. ನಿಮ್ಮೆಸ್ರು ನಾನೇ ಕೂಗೋದು. ಕೇಳಿಸ್ಕೊಂಡೂ ಸುಮ್ನಿರ್ತೀರಾ?" ನಾನು ಹೋಗಿ ನಡೆದದ್ದನ್ನು ನಡೆದಂತೆ ಹೇಳಿದೆ.

ಆದರೆ ಮಂಜುಳಾ ಬಾಯಿಬಿಡದಿದ್ದರೆ ಏಜೆಂಟನು ಬಿಡುಗಡೆಯಾಗುವುದು ಖಂಡಿತವೆಂದು ಸರ್ಕಾರಿ ವಕೀಲರು ನನಗೆ ಸ್ಪಷ್ಟವಾಗಿ ತಿಳಿಸಿದ್ದರು. ದೂರದ ಸಾಕ್ಷಿಯನ್ನು ವಿಡಿಯೊ ಪರದೆಯ ಮೂಲಕ ವಿಚಾರಿಸಲು ಹೊಸ ಕಾನೂನಿನಲ್ಲಿ ಅವಕಾಶವಿತ್ತು. ಎರಡು ದೇಶಗಳ ನಡುವೆ ತಿಂಗಳುಗಟ್ಟಲೆ ಪತ್ರಗಳು ಓಡಾಡಿ, ಕೊನೆಗೊಂದು ದಿನ ಬೆಳಗ್ಗೆ ಒಂದೂವರೆ ಗಂಟೆಯ ಅವಧಿ ನಿಗದಿಯಾಯಿತು. ನನ್ನ ಸಾಕ್ಷ್ಯ ಮುಗಿದಿದ್ದುದರಿಂದ ಒಳಗೆ ಕುಳಿತುಕೊಳ್ಳಲು ಅಡ್ಡಿಯಿರಲಿಲ್ಲ.

ಪರದೆಯ ಮೇಲೆ ಅವಳು ಮೂಡಿದಳು, ಮೈ ಇಳಿದುಹೋಗಿತ್ತು. ನ್ಯಾಯಾಧೀಶರು ಮೂರು ಬಾರಿ ಹೆಸರು ಕೇಳಿದರೂ ತುಟಿ ಅಲುಗಲಿಲ್ಲ. ಬಾಯಿಬಿಟ್ಟರೆ ಊರಿನಲ್ಲಿರುವ ತಾಯಿಯನ್ನು ಉಳಿಸುವುದಿಲ್ಲವೆಂದು ಏಜೆಂಟನ ಕಡೆಯವರು ಅವಳನ್ನು ಹೆದರಿಸಿದ್ದ ಸಂಗತಿ ನಮಗೆ ತಿಳಿದದ್ದು ಅನಂತರ. ನ್ಯಾಯಾಧೀಶರು ಲೇಖನಿಯನ್ನು ಕೆಳಗಿಟ್ಟರು.

"ಸ್ವಾಮಿ," ಎಂದರು ಬಾಗಿಲಲ್ಲಿದ್ದ ದಲಾಯತರು, "ಸಾಕ್ಷೀನ ನಾನಿನ್ನೂ ಕೂಗೇ ಇಲ್ಲ."

ಒಬ್ಬ ಕಿರಿಯ ವಕೀಲರು ನಕ್ಕರು. "ಏನ್ ಯಜಮಾನ್ರೇ, ಸಮುದ್ರ ದಾಟ್ತದಾ ನಿಮ್ ಗಂಟ್ಲು?"

"ನಮ್ಮೂರ್ ಎಣ್ಮಗ್ಳೇ ದಾಟ್ಕಂಡ್ ಓಗವ್ಳೆ. ಗಂಟ್ಲು ದಾಟಕಿಲ್ವಾ?"

ನ್ಯಾಯಾಧೀಶರು ತಲೆಯಾಡಿಸಿದರು. ದಲಾಯತರು ಎಂದಿನಂತೆ ಜಗಲಿಗೆ ಹೋದರು. "ಸಾತನೂರಿನ ಮಂಜುಳಾ, ಕೋಂ ಲೇಟ್ ನಾಗರಾಜೂ, ಆಜರಿದ್ದಾರಾ?" ಪರದೆಯಲ್ಲಿ ಅವಳ ತಲೆ ಮೇಲೆದ್ದಿತು. ಎರಡನೆಯ ಸಲವೂ ಅದೇ ಕೂಗು. ಮೂರನೆಯ ಸಲಕ್ಕೆ ಅವರು ಕಾಗದದ ಹೆಸರನ್ನು ಬಿಟ್ಟರು. "ಮಂಜುಳವ್ವಾ, ಬಾರವ್ವಾ! ನಾವೆಲ್ಲ ಇಲ್ಲೇ ಇದೀವಿ ಕಣವ್ವಾ!"

ಅವಳು ದಡಕ್ಕನೆ ಎದ್ದು ನಿಂತಳು. "ಬಂದೇ ಕಣಣ್ಣೋ!" ಎಂದವಳೇ ಅಳತೊಡಗಿದಳು. ಪಕ್ಕದಲ್ಲಿದ್ದ ಅಧಿಕಾರಿಣಿ ನೀರು ಕೊಟ್ಟರು. ಆಮೇಲೆ, ನಿಗದಿಯಾದ ಅವಧಿ ಮುಗಿಯುವವರೆಗೂ ಅವಳ ಮಾತು ನಿಲ್ಲಲಿಲ್ಲ.

ಏಜೆಂಟನಿಗೆ ಶಿಕ್ಷೆಯಾಯಿತು. ಇಲ್ಲಿಯ ತೀರ್ಪಿನ ಪ್ರತಿ ಅಲ್ಲಿಗೆ ಹೋದ ಮೇಲೆ ಅವಳ ಮೇಲಿನ ದೂರೂ ಬಿದ್ದುಹೋಯಿತು. ಆದರೆ ಅವಳು ಊರಿಗೆ ಬರುವುದಕ್ಕೆ ಒಂದು ವಾರ ಮೊದಲು, ಕೆಲಸದಿಂದ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದ ದಲಾಯತರು ಎದೆ ಹಿಡಿದುಕೊಂಡು ಕುಸಿದವರು ಏಳಲಿಲ್ಲ. ನನಗೆ ಈಗಲೂ ಅರ್ಜಿ ಬರೆಸಿಕೊಳ್ಳಲು ಜನ ಬರುತ್ತಾರೆ. ಎಲ್ಲಿಗೆ, ಯಾರ ಜೊತೆಗೆ, ಯಾವ ಕೆಲಸಕ್ಕೆ ಎಂದು ಕೇಳಿ, ಉತ್ತರ ಮನಸ್ಸಿಗೆ ಒಪ್ಪಿದ ಮೇಲಷ್ಟೇ ಲೇಖನಿಯನ್ನು ಹಿಡಿಯುತ್ತೇನೆ.

ದಲಾಯತರ ಹನ್ನೊಂದನೆಯ ದಿನದ ಕಾರ್ಯಕ್ಕೆ ಮಂಜುಳಾ ಸಾತನೂರಿನ ಬಸ್ಸಿಳಿದು ಬಂದಳು. ಸಾಕ್ಷ್ಯದ ದಿನ ಅವರು ಜಗಲಿಯಲ್ಲಿ ನಿಂತು ಕೂಗಿದ್ದರಿಂದ, ಆ ಮನುಷ್ಯನ ಮುಖವನ್ನು ಅವಳು ನೋಡಿಯೇ ಇರಲಿಲ್ಲ. ಹಾರ ಹಾಕಿದ್ದ ಫೋಟೋದ ಮುಂದೆ ಬಹಳ ಹೊತ್ತು ನಿಂತಳು.

"ಇವ್ರೇನಾ ಸಾ? ಆ ಗಂಟ್ಲು ಕೇಳಿ ದಪ್ಪ ಮೀಸೆ ಆಳು ಅಂದ್ಕೊಂಡಿದ್ದೆ. ನೋಡುದ್ರೆ ಇಷ್ಟು ಸಣ್ಕವ್ರೆ!"

ಒಳಗಿನಿಂದ ಅವರ ಹೆಂಡತಿ ಹನ್ನೊಂದು ದಿನಗಳಲ್ಲಿ ಮೊದಲ ಬಾರಿಗೆ ನಕ್ಕರು. "ಎಲ್ಲಾರೂ ಹಂಗೇ ಅಂತಿದ್ರು ಕಣವ್ವಾ. ಬಾ, ಊಟಕ್ಕೆ ಕೂತ್ಕೋ."