ಅಬ್ಬಲಿ ಸಿಡಿಯುವ ಸದ್ದು

ಪಟ್! ಕಾರವಾರದ ನನ್ನ ಬಾಡಿಗೆ ಮನೆಯ ಅಡುಗೆಕಟ್ಟೆಯ ಮೇಲೆ ಒಣಗಲು ಇಟ್ಟಿದ್ದ ಅಬ್ಬಲಿಯ, ಅಂದರೆ ಕನಕಾಂಬರದ, ತೆನೆಗೆ ಇಂದು ಬೆಳಿಗ್ಗೆ ನಲ್ಲಿಯ ನೀರು ಹಾರಿತು. ನೀರು ತಾಗಿದ್ದೇ ಒಂದು ಒಣ ಕಾಯಿ ಸಿಡಿದು ಬೀಜ ನನ್ನ ಕೆನ್ನೆಗೇ ಬಡಿಯಿತು. ಆ ಸದ್ದಿನ ಹಿಂದೆಯೇ ಅವರ್ಸಾದ ನಮ್ಮ ಮನೆ, ಸಗಣಿ ಸಾರಿಸಿದ ಅಂಗಳ, ಅದರ ಸುತ್ತಲಿನ ಪಾಗಾರದ ಗೋಡೆಯ ಬುಡದಲ್ಲಿ ಕೂತ ಅಜ್ಜಿ ಎಲ್ಲ ಕಣ್ಣ ಮುಂದೆ ಬಂದವು. ಆ ಮನೆ ಈಗಿಲ್ಲ, ಹೆದ್ದಾರಿ ಇದೆ. ಅಜ್ಜಿಯ ಅಬ್ಬಲಿ ನರ್ಸರಿಯದಲ್ಲ. ಹಿಲ್ಲೂರಿನ ತವರಿನಿಂದ, ಗುಡ್ಡದ ಅಂಚಿನಿಂದ ಸೆರಗಿನಲ್ಲಿ ಕಟ್ಟಿ ತಂದ ಕಾಡು ಬೀಜದ್ದು. ಹೂವು ಚಿಕ್ಕದು, ಬಣ್ಣ ತುಸು ಮಾಸಲು, ಆದರೆ ಒಮ್ಮೆ ಬೇರು ಬಿಟ್ಟರೆ ವರ್ಷವರ್ಷವೂ ಹೂ ಕೊಡುತ್ತಿತ್ತು. ನರ್ಸರಿಯ ದೊಡ್ಡ ಹೂವನ್ನು ಯಾರಾದರೂ ಹೊಗಳಿದರೆ ಅಜ್ಜಿಗೆ ಮೈಯೆಲ್ಲ ಉರಿ. "ಬೀಜ ಕಟ್ಟೂದಿಲ್ಲ, ಅದ್ ಎಂತಾ ಹೂಂಗು?" ಎನ್ನುತ್ತಿದ್ದಳು. ಕೇಳಿದವರಿಗೆಲ್ಲ ತೆನೆ ಕೊಡುತ್ತಿದ್ದಳು. ಪಡೆದವರು ಉಪಕಾರ ಎನ್ನಕೂಡದು, ಮುಂದಿನ ವರ್ಷ ಮತ್ತೊಬ್ಬರಿಗೆ ಕೊಡಬೇಕು, ಅಷ್ಟೇ.

ಒಮ್ಮೆ ನಾನು ಜಾಣತನ ಮಾಡಲು ಹೋಗಿ, ಧೂಳು ಹಿಡಿದಿದೆಯೆಂದು ತೆಂಗಿನ ಗೆರಟೆಯಲ್ಲಿದ್ದ ಒಣ ತೆನೆಗಳನ್ನೆಲ್ಲ ತೊಳೆದುಬಿಟ್ಟೆ. ಅಡುಗೆಮನೆಯ ತುಂಬ ಪಟಪಟ! ಒಂದು ವರ್ಷದ ಬೀಜ ಒಲೆಗೆ, ಹಂಡೆಗೆ, ಅಜ್ಜಿಯ ಮುಡಿಗೆ ಹಾರಿತು. ಹೊಡೆತ ಬೀಳುತ್ತದೆಂದು ಕಣ್ಣು ಮುಚ್ಚಿದೆ. ಅಜ್ಜಿ ನಕ್ಕು ನಕ್ಕು ಕೂತೇಬಿಟ್ಟಳು. ಆ ಮಳೆಗಾಲ ನಮ್ಮ ಬಚ್ಚಲ ಮೋರಿಯಲ್ಲೂ ಅಬ್ಬಲಿ ಹುಟ್ಟಿತ್ತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ರಸ್ತೆ ಅಗಲ ಮಾಡುವವರು ಬಂದರು. ಪರಿಹಾರಕ್ಕೆಂದು ತೆಂಗು, ಮಾವು, ಬಾವಿ ಎಲ್ಲ ಬರೆದುಕೊಂಡರು. "ಅಬ್ಬಲಿ ಬರಕಣಿ," ಎಂದಳು ಅಜ್ಜಿ. ಹೂವಿನ ಗಿಡವನ್ನೆಲ್ಲ ಬರೆಯುವುದಿಲ್ಲ ಅಮ್ಮಾ ಎಂದು ಆ ಹುಡುಗ ಅಧಿಕಾರಿ ನಕ್ಕ. ಆ ನಗುವನ್ನು ನಾನಿನ್ನೂ ಮರೆತಿಲ್ಲ, ಮರೆಯುವುದೂ ಇಲ್ಲ. ಯಂತ್ರ ಬಂದ ಬೆಳಿಗ್ಗೆ ಅಜ್ಜಿ ಅಳಲಿಲ್ಲ. ತಾಮ್ರದ ಚೊಂಬು ತುಂಬಿಕೊಂಡು, ಒಣಗಿ ನಿಂತ ಅಬ್ಬಲಿ ಸಾಲಿನುದ್ದಕ್ಕೂ ತೆನೆತೆನೆಗೆ ನೀರು ಚಿಮುಕಿಸುತ್ತ ನಡೆದಳು. ಅವಳ ಹಿಂದೆ ಬೀಜಗಳು ಪಾಗಾರ ದಾಟಿ ಸಿಡಿಯುತ್ತ ಹೋದವು. "ರೋಡಿಗೆ ಬೇಕಾದಷ್ಟ್ ನೆಲ ತಕಣಿ ತಮ್ಮಾ. ಅಬ್ಬಲಿ ಎಲ್ ಹುಟ್ಬೇಕು ಅಂದೆ ಹೇಳೂಕೆ ಬರ್ಬೇಡಿ," ಎಂದಳು. ಕೊನೆಯ ನಾಲ್ಕು ತೆನೆ ಮಾತ್ರ ಕಿತ್ತು ನನ್ನ ಕೈಗಿಟ್ಟಳು. ಆ ಬೀಜದ ಗಿಡಗಳೇ ಈಗ ನನ್ನ ಬಾಡಿಗೆ ಮನೆಯ ಕುಂಡದಲ್ಲಿವೆ.

ಅಜ್ಜಿ ಹೋಗಿ ವರ್ಷಗಳಾದವು. ಹೆದ್ದಾರಿಯ ಅಂಚಿನಲ್ಲಿ, ಯಾರೂ ನೆಡದೆ, ಅವಳ ಅಬ್ಬಲಿ ಹೂ ಬಿಡುತ್ತಲೇ ಇತ್ತು. ಬಸ್ಸಿನ ಕಿಟಕಿಯಿಂದ ಅದನ್ನು ಕಂಡಾಗಲೆಲ್ಲ ಮುಡಿಯಲು ಅವಳಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ಕಳೆದ ವಾರ ನೋಡಿದರೆ ಅಂಚನ್ನೆಲ್ಲ ಕೆರೆದು ಸಿಮೆಂಟು ಹಾಕಿದ್ದಾರೆ. ಸಿಮೆಂಟಿನ ಆಚೆಗೂ ಮಣ್ಣಿದೆ. ಇಂದು ಕೆನ್ನೆಗೆ ಬಡಿದ ಬೀಜವನ್ನು ನೆಲದಿಂದ ಹುಡುಕಿ ತೆಗೆದೆ. ಉಳಿದ ತೆನೆಗಳನ್ನು ಒಣ ಬಟ್ಟೆಯಲ್ಲಿ ಕಟ್ಟಿಕೊಂಡು, ಬಾಟಲಿಗೆ ನೀರು ತುಂಬಿಸಿಕೊಂಡು ಅಂಕೋಲೆಯ ಬಸ್ಸು ಹತ್ತಿದೆ. ಅವರ್ಸಾದಲ್ಲಿ ಇಳಿಯುತ್ತೇನೆ.